ತಲೆಕೆಳಗಾದ ತರಗತಿ

ಕಳೆದ ಜುಲೈ ತಿಂಗಳ ಒಂದು ರಾತ್ರಿ. ಊಟಕ್ಕೆ ಕುಳಿತಿದ್ದೆವು. ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಓದುತ್ತಿರುವ ನನ್ನ ಮಗಳು, "ಅಪ್ಪಾ, ಇನ್ನ ಮ್ಯಾಲೆ ನಮ್ಮ ಫಿಸಿಕ್ಸ್ ಸರ್ ಕ್ಲಾಸಿನ್ಯಾಗ ಪಾಠ ಮಾಡೂದಿಲ್ಲಂತ" ಎಂದಳು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಅವ್ವ, "ಹಂಗಾರ ಪಗಾರ ಯಾತಕ್ಕ ತಗೋತಾರಂತ?" ಎಂದು ಕೇಳಿಬಿಟ್ಟಳು.

ಕೇಂದ್ರ ಸರ್ಕಾರದ ಗುಮಾಸ್ತನಾದ ನನಗೆ ಪಗಾರದ ವಿಷಯದಲ್ಲಿ ಇನ್ನೊಬ್ಬರನ್ನು ಪ್ರಶ್ನಿಸುವ ಧೈರ್ಯವಿಲ್ಲ. ಸುಮ್ಮನೆ ವಿವರ ಕೇಳಿದೆ. ಉಪಾಧ್ಯಾಯರು ಇಪ್ಪತ್ತು ನಿಮಿಷದ ವೀಡಿಯೋ ಮಾಡಿ ಮುನ್ನಾದಿನವೇ ಕಳಿಸುತ್ತಾರೆ. ಹುಡುಗರು ಅದನ್ನು ಮನೆಯಲ್ಲಿ ನೋಡಿ ಬರಬೇಕು. ತರಗತಿಯ ವೇಳೆಯೆಲ್ಲ ಲೆಕ್ಕ ಬಿಡಿಸುವುದಕ್ಕೆ, ಪ್ರಶ್ನೆಗೆ, ವಾದಕ್ಕೆ. ಅಂದರೆ ಪಾಠ ಮನೆಗೆ ಬಂತು, ಮನೆಗೆಲಸ ಕಾಲೇಜಿಗೆ ಹೋಯಿತು. ಇದಕ್ಕೆ ಫ್ಲಿಪ್ಡ್ ಕ್ಲಾಸ್‌ರೂಮ್ ಎಂದು ಹೆಸರಂತೆ. ತಲೆಕೆಳಗಾದ ತರಗತಿ ಎಂದು ನಾನು ಕನ್ನಡ ಮಾಡಿಕೊಂಡೆ.

ಹೆಸರು ಹೊಸದಾದರೂ ಸಂಗತಿ ನಮ್ಮ ಊರಿಗೆ ತೀರ ಹೊಸದಲ್ಲ. ನಾನು ದಿನವೂ ಬಸ್ಸಿನಲ್ಲಿ ಹಾದುಹೋಗುವ ವಸ್ತ್ರಾಪುರದ ಕೆಂಪು ಇಟ್ಟಿಗೆಯ ಐ.ಐ.ಎಂ. 1961ರಲ್ಲಿ ಹುಟ್ಟಿದ್ದು. ಹಾರ್ವರ್ಡ್‌ನವರ ಸಹಕಾರದಿಂದ ಬಂದ ಅಲ್ಲಿನ ಕೇಸ್ ಪದ್ಧತಿಯೂ ಇದೇ ಜಾತಿಯದು: ಹಿಂದಿನ ರಾತ್ರಿಯೇ ಓದಿಕೊಂಡು ಬರಬೇಕು, ಬೆಳಿಗ್ಗೆ ಮೇಷ್ಟರು ಕೇಳುವುದಕ್ಕೆ ಉತ್ತರ ಕೊಡಬೇಕು. ನಮ್ಮ ಅಪ್ಪ ಕಂಡದ್ದು ಇನ್ನೊಂದು ಬಗೆ. ಅವರು ಆಗಿನ ಬಿಜಾಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಸೈಟ್ ಎಂಬ ಉಪಗ್ರಹ ಪ್ರಯೋಗ ನಡೆಯಿತಲ್ಲ, ಆರು ರಾಜ್ಯಗಳ 2400 ಹಳ್ಳಿಗಳಿಗೆ ದೂರದರ್ಶನ ಬಂದದ್ದು, ಅದರಲ್ಲಿ ಅವರ ಹಳ್ಳಿಯೂ ಒಂದು. ಈ ಅಹಮದಾಬಾದಿನ ಭೂಕೇಂದ್ರದಿಂದ ಆಕಾಶಕ್ಕೆ ಹೋದ ಪಾಠ ಅಲ್ಲಿ ಶಾಲೆಯ ಪಡಸಾಲೆಗೆ ಇಳಿಯುತ್ತಿತ್ತು. "ಪೆಟ್ಟಿಗಿ ಮಾತು ಮುಗಿಸಿದ ಮ್ಯಾಲೆ ನನ್ನ ಕೆಲಸ ಸುರು ಆಗತಿತ್ತು. ಹುಡುಗರು ಏನ್ ತಿಳಕೊಂಡಾರ ಅಂತ ಕೇಳಬೇಕಲ್ಲ" ಎಂದು ಅಪ್ಪ ಹೇಳುತ್ತಿದ್ದುದುಂಟು. ಆದರೆ ಆ ಪೆಟ್ಟಿಗೆ ಇದ್ದದ್ದು ಶಾಲೆಯಲ್ಲಿ, ಎಲ್ಲರ ಎದುರಿಗೆ. ಈ ಮಾತು ಮುಂದೆ ಬೇಕಾಗುತ್ತದೆ.

ಮಗಳ ವೀಡಿಯೋ ನಮ್ಮ ಮನೆಯಲ್ಲಿ ಮೊದಲ ವಾರವೇ ಜಾಗದ ಪ್ರಶ್ನೆ ಎಬ್ಬಿಸಿತು. ಸೂರತ್ತು, ವಡೋದರಾಗಳ ಬಾಡಿಗೆ ಮನೆಗಳನ್ನು ಮುಗಿಸಿ ಅಹಮದಾಬಾದಿಗೆ ವರ್ಗವಾಗಿ ಬಂದ ನಮಗೆ ಸಿಕ್ಕಿರುವುದು ಎರಡು ಕೋಣೆ. ಒಂದರಲ್ಲಿ ಅವ್ವನ ಧಾರಾವಾಹಿ, ಇನ್ನೊಂದರಲ್ಲಿ ಕಿರಿಯವನ ಮಗ್ಗಿ. ಉಳಿದದ್ದು ಅಡಿಗೆಮನೆ. ರಾತ್ರಿ ಹತ್ತರ ಮೇಲೆ ಗ್ಯಾಸ್ ಕಟ್ಟೆ ಒರೆಸಿ, ಹಿಟ್ಟಿನ ಡಬ್ಬಕ್ಕೆ ಫೋನು ಒರಗಿಸಿ ಅವಳು ಕೂರುತ್ತಾಳೆ. ಪಕ್ಕದಲ್ಲಿ ನಾನು. ನಾನೂ ಬಿ.ಎಸ್ಸಿ. ಓದಿದವನೇ. ನಮ್ಮ ಕಾಲದಲ್ಲಿ ಮೇಷ್ಟರು ನೋಟ್ಸ್ ಹೇಳುತ್ತಿದ್ದರು, ನಾವು ಬರೆಯುತ್ತಿದ್ದೆವು. ಮೂರು ವರ್ಷದಲ್ಲಿ ನಾನು ತರಗತಿಯಲ್ಲಿ ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಈಗ ವೀಡಿಯೋವನ್ನು ಮೂರು ಸಲ ಹಿಂದಕ್ಕೆ ಓಡಿಸಿ, ಆಂದೋಲನ ಏಕೆ ಕುಂದುತ್ತದೆಂಬುದನ್ನು ಈ ವಯಸ್ಸಿನಲ್ಲಿ ತಿಳಿದುಕೊಂಡೆ!

ಆ ಪಾಠದ ಮರುದಿನ ತರಗತಿಯಲ್ಲಿ ನಡೆದದ್ದನ್ನು ಹೇಳಬೇಕು. ಉಪಾಧ್ಯಾಯರ ಪ್ರಶ್ನೆ ಗುಜರಾತಿನ ಮನೆಮನೆಯ ಹಿಂಚ್ಕೋ, ಅಂದರೆ ನಮ್ಮ ತೂಗುಮಣೆಯ ಮೇಲೆ. ಅದರಲ್ಲಿ ಒಮ್ಮೆ ಅಜ್ಜ, ಒಮ್ಮೆ ಮೊಮ್ಮಗ ಕುಳಿತಿದ್ದಾರೆ. ಅಷ್ಟೇ ದೂರ ಎಳೆದು ಬಿಟ್ಟರೆ ಯಾರದು ಮೊದಲು ನಿಲ್ಲುತ್ತದೆ? ಮಗಳು ಸೂತ್ರ ಹೇಳಿ, ಹಗುರವಾದ ಮೊಮ್ಮಗನದು ಎಂದಳಂತೆ. ಆಗ ಹಿಂದಿನ ಬೆಂಚಿನ ಒಬ್ಬ ಹುಡುಗ, ಕೊಂಡಿಗೆ ಎಣ್ಣೆ ಹಾಕಿದ್ದಾರೆಯೇ ಎಂದು ಕೇಳಿದ. ಎಲ್ಲರೂ ನಕ್ಕರು. ಉಪಾಧ್ಯಾಯರು ನಗಲಿಲ್ಲ. ಗಾಳಿಯ ತಡೆಯೊಂದೇ ಆದರೆ ಭಾರವಾದದ್ದು ಹೆಚ್ಚು ಹೊತ್ತು ತೂಗುತ್ತದೆ, ನಿಜ. ಆದರೆ ಕೊಂಡಿಯ ತಿಕ್ಕಾಟ ಕುಳಿತವರ ಭಾರದ ಜೊತೆಗೇ ಏರುತ್ತದೆ, ಆಗ ಭಾರದ ಲಾಭ ಅಲ್ಲಿಂದಲ್ಲಿಗೇ ವಜಾ. ಅರ್ಧ ಗಂಟೆ ಇದೇ ವಾದ ನಡೆಯಿತಂತೆ. ನೋಟ್ಸ್ ಹೇಳುವ ತರಗತಿಯಲ್ಲಿ ಆ ಕೊಂಡಿಗೆ ಜಾಗವೆಲ್ಲಿರುತ್ತಿತ್ತು?

ಆದರೆ ಆ ಹುಡುಗ ವೀಡಿಯೋ ನೋಡಿಯೇ ಇರಲಿಲ್ಲ. ನೋಡಿ ಬಂದಿದ್ದಾರೋ ಇಲ್ಲವೋ ಎಂದು ತರಗತಿಯ ಮೊದಲಿಗೆ ಐದು ಪ್ರಶ್ನೆ ಕೊಡುತ್ತಾರೆ, ಅದರ ಅಂಕ ಪರೀಕ್ಷೆಗೆ ಸೇರುತ್ತದೆ. ಅವನಿಗೆ ಅಂದೂ ಸೊನ್ನೆ, ಅದಕ್ಕೆ ಹಿಂದಿನ ಎರಡು ಸಲವೂ ಸೊನ್ನೆ.

ವಿಚಾರಿಸಿದರೆ ನಮ್ಮವನೇ! ಉಡುಪಿ ಕಡೆಯವರು. ತಂದೆ ಮಣಿನಗರದ ಹೋಟೆಲೊಂದರಲ್ಲಿ ಅಡಿಗೆಯವರು, ಹುಡುಗ ಸಂಜೆ ಐದರಿಂದ ರಾತ್ರಿ ಹತ್ತೂವರೆಯವರೆಗೆ ಅಲ್ಲೇ ಗಲ್ಲೆಯಲ್ಲಿ. ಮನೆಯಲ್ಲಿ ಒಂದೇ ಕೋಣೆ, ನಾಲ್ಕು ಜನ. ಹನ್ನೆರಡನೆಯವರೆಗೆ ಸೂರತ್ತಿನಲ್ಲಿ ಗುಜರಾತಿ ಮಾಧ್ಯಮದಲ್ಲಿ ಓದಿದ್ದರಿಂದ ಇಂಗ್ಲಿಷಿನ ವೀಡಿಯೋ ಒಂದು ಸಲಕ್ಕೆ ತಲೆಗೆ ಹತ್ತುವುದೂ ಇಲ್ಲ. ಹಳೆಯ ಪದ್ಧತಿಯಲ್ಲಿ ಅವನೂ ಉಳಿದವರೂ ಒಂದೇ ಬೆಂಚಿನ ಮೇಲೆ ಒಂದೇ ಪಾಠ ಕೇಳುತ್ತಿದ್ದರು. ಈಗ ಪಾಠ ಅವರವರ ಮನೆಗೆ ಹೋಗಿದೆ, ಮನೆ ಎಲ್ಲರದೂ ಒಂದೇ ಅಲ್ಲ.

ಈ ಪದ್ಧತಿಗೆ ಹೆಸರು ತಂದುಕೊಟ್ಟವರು ಅಮೆರಿಕದ ಕೊಲರಾಡೋದ ಬರ್ಗ್‌ಮನ್ ಮತ್ತು ಸ್ಯಾಮ್ಸ್ ಎಂಬ ಇಬ್ಬರು ಹೈಸ್ಕೂಲು ರಸಾಯನಶಾಸ್ತ್ರದ ಮೇಷ್ಟರು. 2007ರಲ್ಲಿ ಅವರು ಪಾಠಗಳನ್ನು ಚಿತ್ರೀಕರಿಸತೊಡಗಿದ್ದು ಆಟೋಟಗಳಿಗೆಂದು ದೂರ ಹೋಗಿ ತರಗತಿ ತಪ್ಪಿಸಿಕೊಳ್ಳುತ್ತಿದ್ದ ಹುಡುಗರಿಗಾಗಿ. ಬರಲಾಗದವರಿಗೆಂದು ಹುಟ್ಟಿದ್ದು ಇಲ್ಲಿ ನೋಡಲಾಗದವನನ್ನು ಹೊರಗೆ ನಿಲ್ಲಿಸಿದ್ದು ನನಗೆ ಸರಿಯೆನಿಸಲಿಲ್ಲ. ಮಗಳು ಮತ್ತು ಅವಳ ಗೆಳತಿಯರು ಹೋಗಿ ಉಪಾಧ್ಯಾಯರಿಗೆ ತಿಳಿಸಿದರು. ಅವರು ಒಳ್ಳೆಯವರು. ಐದು ಪ್ರಶ್ನೆಗಳನ್ನು ವಾರದ ಕೊನೆಗೆ ಹಾಕಿದ್ದಾರೆ. ಜಾಗ ಒದಗಿಸುವುದು ಅವರ ಕೈಯಲ್ಲಿಲ್ಲ.

ಎರಡು ಭಾನುವಾರ ಹುಡುಗ ನಮ್ಮ ಅಡಿಗೆಮನೆಗೆ ಬಂದ. ಅವ್ವ ರೊಟ್ಟಿ ಬಡಿಯುವ ಸದ್ದಿನಲ್ಲಿ ಇಬ್ಬರೂ ಪಾಠ ಕೇಳಿದರು. ಮೂರನೆಯ ವಾರ ಬರಲಿಲ್ಲ, ಸಂಕೋಚ. ಆಗ ನನಗೆ ನೆನಪಾದದ್ದು ನಮ್ಮ ಸಂಘದ ಪುಸ್ತಕದ ಕೋಣೆ. ಮೇಜಿದೆ, ಫ್ಯಾನಿದೆ, ಕಳೆದ ವರ್ಷ ಹಾಕಿಸಿದ ಇಂಟರ್ನೆಟ್ಟೂ ಇದೆ. ಭಾನುವಾರ ಸಂಜೆ ಬಿಟ್ಟರೆ ಬೀಗ.

ಕಾರ್ಯದರ್ಶಿಗಳು ಬೀಗದ ಕೈ ಕೊಡಲು ಒಪ್ಪಿದ್ದಾರೆ. ಆದರೆ ಇಂಥ ಹುಡುಗರಿಗೆ ಬಿಡುವಿರುವುದು ಬೆಳಿಗ್ಗೆ ಆರರಿಂದ ಎಂಟರವರೆಗೆ. ಆ ಹೊತ್ತಿಗೆ ಬಾಗಿಲು ತೆಗೆದು ಕೂರುವವರು ಬೇಕು. ಪಾಠ ಹೇಳಬೇಕಾಗಿಲ್ಲ, ಪತ್ರಿಕೆ ಓದುತ್ತ ಇದ್ದರೂ ಸಾಕು. ಸೋಮವಾರ, ಗುರುವಾರ ನಾನು ಬರುತ್ತೇನೆ. ಉಳಿದ ದಿನಗಳಿಗೆ ಯಾರಾದರೂ ಸಿದ್ಧರಿದ್ದರೆ ಸಂಘದ ಕಚೇರಿಯಲ್ಲಿ ಹೆಸರು ಬರೆಸಬಹುದು.