ಬಿಳಿ ಮೂರರಿಂದ ಬಿಳಿ ಮೂರಕ್ಕೆ

ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಯಿತೇ ಎಂದು ತಿಳಿಯಲು ನಮ್ಮ ಕೆಂಕೆರೆಯಲ್ಲಿ ಯಾರೂ ಅದನ್ನು ಒಡೆದು ನೋಡುವುದಿಲ್ಲ. ಕಿವಿಯ ಪಕ್ಕ ಹಿಡಿದು ಅಲ್ಲಾಡಿಸುತ್ತಾರೆ. ನೀರು ಗುಳುಗುಳು ಎಂದರೆ ಕಾಯಿ ಮತ್ತೆ ರಾಶಿಗೆ ಹೋಗುತ್ತದೆ. ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು, ಗಿಟುಕು ಒಳಗೇ ಲೊಡಲೊಡ ಉರುಳಿದರೆ ಕೊಬ್ಬರಿಯಾಯಿತು ಎಂದು ಅರ್ಥ. ಅದಕ್ಕೆ ಎಂಟು ತಿಂಗಳಿಂದ ಒಂದು ವರ್ಷ ಕಾಯಬೇಕು. ಹುಳಿಯಾರು, ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ, ಈ ಸೀಮೆಯ ಬದುಕೆಲ್ಲ ಹೀಗೆ ಕಿವಿಗೊಟ್ಟು ಕಾಯುವುದರ ಮೇಲೆ ನಿಂತಿದೆ. ಮನೆಯಲ್ಲೇ ಕೂತು ಗಿಟಾರ್ ಕಲಿಯುವವನಿಗೆ ಬೇಕಾದದ್ದೂ ಕಿವಿಗೊಡುವುದು, ಕಾಯುವುದು ಇವೆರಡೇ. ಬೆರಳಿನ ಸರದಿ ಆಮೇಲೆ.

ಗಿಟಾರಿಗೆ ಆರು ತಂತಿ. ಅವನ್ನು ಶ್ರುತಿಗೆ ತರುವುದೇ ಮೊದಲ ಪಾಠ, ನನ್ನ ಮಟ್ಟಿಗೆ ಅತಿ ಸೊಗಸಿನ ಪಾಠವೂ ಹೌದು. ಫೋನಿನಲ್ಲಿ ಟ್ಯೂನರ್ ಹಾಕಿಕೊಂಡರೆ ಮುಳ್ಳು ಓಡಾಡಿ ತೋರಿಸುತ್ತದೆ, ಕೆಲಸ ಬೇಗ ಮುಗಿಯುತ್ತದೆ. ಆದರೆ ಮುಳ್ಳು ನೋಡುವ ಕಣ್ಣು ಕಿವಿಯನ್ನು ಸೋಮಾರಿ ಮಾಡುತ್ತದೆ. ನಾನು ಕಲಿತದ್ದು ನಾಟಕದ ಹಾರ್ಮೋನಿಯಂ ಪಕ್ಕದಲ್ಲಿ. ನಮ್ಮ ಕಡೆ ಕುರುಕ್ಷೇತ್ರ ನಾಟಕ ಕಟ್ಟುವ ಊರುಗಳು ಬೇಕಾದಷ್ಟಿವೆ. ನಾಟಕ ಇದ್ದಲ್ಲಿ ಹಾರ್ಮೋನಿಯಂ ಮೇಷ್ಟ್ರು ಇದ್ದೇ ಇರುತ್ತಾರೆ. ಗಿಟಾರಿನ ಗಂಧವೇ ಇಲ್ಲದ ಅಂಥ ಮೇಷ್ಟ್ರೊಬ್ಬರು, "ನಾನು ಮನೆ ಹಿಡೀತೀನಿ, ನೀನು ತಂತಿ ಬಿಗೀತಾ ಬಾರಪ್ಪ" ಅಂದರು. ದಪ್ಪ ತಂತಿಗೆ ಬಿಳಿ ಮೂರು, ಅಂದರೆ ಹಾರ್ಮೋನಿಯಂನ ಮೂರನೇ ಬಿಳಿ ಮನೆ. ಅದರ ಕೆಳಗಿನದಕ್ಕೆ ಬಿಳಿ ಆರು. ಆಮೇಲೆ ಮೇಲಿನ ಸ್ಥಾಯಿಗೆ ದಾಟಿ ಎರಡು, ಐದು, ಏಳು. ಕೊನೆಯ ಸಣ್ಣ ತಂತಿಗೆ ಅದರಾಚೆಯ ಸ್ಥಾಯಿಯ ಬಿಳಿ ಮೂರು. ಜಗತ್ತಿನ ಬಹುಪಾಲು ಗಿಟಾರುಗಳು ಇರುವುದು ಈ ಶ್ರುತಿಯಲ್ಲೇ. ಅದನ್ನು ನನಗೆ ಕೊಟ್ಟದ್ದು ಭೀಮನ ಪಾತ್ರಧಾರಿಗೆ ಶ್ರುತಿ ಹಿಡಿಯುವ ಪೆಟ್ಟಿಗೆ.

ತಂತಿ ಶ್ರುತಿಗೆ ಸಮೀಪಿಸುವಾಗ ಒಂದು ಸಂಗತಿ ನಡೆಯುತ್ತದೆ. ಎರಡು ನಾದ ಇನ್ನೇನು ಒಂದಾಗಬೇಕು ಎನ್ನುವಾಗ ಅವುಗಳ ನಡುವೆ ಒಂದು ಅಲೆ ಏಳುತ್ತದೆ, ವೋಂ ವೋಂ ಎಂದು. ಹಾರ್ಮೋನಿಯಂ ಸೆಕೆಂಡಿಗೆ 110 ಸಲ ಕಂಪಿಸುತ್ತಿದ್ದು ತಂತಿ 112 ಸಲ ಕಂಪಿಸಿದರೆ, ಆ ಅಲೆ ಸೆಕೆಂಡಿಗೆ ಸರಿಯಾಗಿ ಎರಡು ಸಲ ಬರುತ್ತದೆ. ತಂತಿಯ ತಿರುಪು ಸಡಿಲಿಸುತ್ತಾ ಬಂದಂತೆ ಅಲೆ ನಿಧಾನವಾಗುತ್ತದೆ, ಉದ್ದವಾಗುತ್ತದೆ, ಮಾಯವಾಗುತ್ತದೆ. ಅದು ಮಾಯವಾಗುವ ಗಳಿಗೆಯ ಸುಖಕ್ಕೆ ನಾನು ಶ್ರುತಿಯಲ್ಲಿರುವ ತಂತಿಯನ್ನೂ ಇಳಿಸಿ ಮತ್ತೆ ಏರಿಸಿದ್ದುಂಟು. ಬೇಸಿಗೆಯಲ್ಲಿ ಇದಕ್ಕೆ ನೆಪ ಬೇಕಾಗುವುದಿಲ್ಲ. ಮಧ್ಯಾಹ್ನದ ಕಾವಿಗೆ ಉಕ್ಕಿನ ತಂತಿ ಹಿಗ್ಗಿ ಶ್ರುತಿ ತಾನಾಗಿಯೇ ಇಳಿದಿರುತ್ತದೆ.

"ಇದೆಲ್ಲ ಪರದೇಶದ ವಾದ್ಯ, ನಮಗ್ಯಾಕೆ?" ಎಂದು ಹಿರಿಯರು ಕೇಳುತ್ತಾರೆ. ಹಾಗೆ ನೋಡಿದರೆ ಹಾರ್ಮೋನಿಯಂ ಕೂಡ ಪ್ಯಾರಿಸ್ಸಿನಿಂದ ಬಂದದ್ದು, ಅಲ್ಲಿ ಅದರ ಹಕ್ಕು ನೋಂದಣಿಯಾದದ್ದು 1842ರಲ್ಲಿ. ಆಕಾಶವಾಣಿ 1940ರಿಂದ ಬಹಳ ವರ್ಷ ಅದನ್ನು ಹೊರಗೇ ನಿಲ್ಲಿಸಿತ್ತು. ಅಷ್ಟರಲ್ಲಿ ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯಂಥವು ಅದನ್ನು ಊರೂರಿಗೆ ಹೊತ್ತು ತಿರುಗಿ ಮನೆಮಗಳಾಗಿಸಿದ್ದವು. ವಾದ್ಯ ಯಾವ ಹಡಗಿನಲ್ಲಿ ಬಂತೆಂಬುದಕ್ಕಿಂತ ಯಾವ ಹಾಡಿಗೆ ಜೊತೆಯಾಯಿತು ಎಂಬುದು ದೊಡ್ಡದು.

ಗಿಟಾರಿನ ಮೈಯಲ್ಲಂತೂ ನಮ್ಮ ಕಾಡೇ ಇದೆ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ ದೇಶದ ಮರ ಬಿಟ್ಟು ಭಾರತದ ಬೀಟೆಗೆ ಬಂತು. ಅಂದಿನಿಂದ ಪಶ್ಚಿಮಘಟ್ಟದ ತಳಿಯ ಈ ಮರ ಲೋಕದ ಒಳ್ಳೊಳ್ಳೆಯ ಗಿಟಾರುಗಳ ಬೆನ್ನಾಗಿ, ಪಕ್ಕೆಯಾಗಿ ಕೂತಿದೆ. 2017ರಿಂದ ಬೀಟೆಯ ಕುಲವೆಲ್ಲ ಅಂತರರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡಿಗೆ ಒಳಪಟ್ಟಿದೆ. ಒಳಪಡಲೇಬೇಕಿತ್ತು. ಅಂಥ ಮರ ಬೆಳೆಯಲು ತಲೆಮಾರುಗಳೇ ಬೇಕು.

ಕೈಯ ವಿಷಯಕ್ಕೆ ಬರೋಣ. ಮೊದಲ ವಾರಗಳಲ್ಲಿ ಎಡಗೈಯ ಬೆರಳ ತುದಿಗಳು ಉರಿಯುತ್ತವೆ, ಆಮೇಲೆ ಜಡ್ಡುಗಟ್ಟುತ್ತವೆ. ಕಾಯಿ ಸುಲಿಯುವವರ ಅಂಗೈ ನೋಡಿ ಬೆಳೆದವರಿಗೆ ಇದೊಂದು ದೊಡ್ಡ ಸಂಗತಿಯಲ್ಲ. ಕೊಳ್ಳುವಾಗ ಒಂದನ್ನು ಮಾತ್ರ ನೋಡಿಕೊಳ್ಳಿ: ಹನ್ನೆರಡನೇ ಮನೆಯ (ಫ್ರೆಟ್ಟಿನ) ಹತ್ತಿರ ತಂತಿ ಪಟ್ಟಿಯಿಂದ ಎರಡೂವರೆ ಮಿಲಿಮೀಟರಿಗಿಂತ ಹೆಚ್ಚು ಎತ್ತರಕ್ಕೆ ನಿಂತಿದ್ದರೆ ಹೊಸಬರ ಬೆರಳು ಸೋಲುತ್ತದೆ, ತಪ್ಪು ಬೆರಳಿನದಲ್ಲ.

ಕಲಿಸುವ ಹಲವು ಪುಸ್ತಕಗಳು ಕಾರ್ಡ್‌ಗಳಿಂದ ಶುರುಮಾಡುತ್ತವೆ, ಮೂರು ಬೆರಳು ಮೂರು ಕಡೆ. ನಾನು ಆ ದಾರಿ ಹಿಡಿಯಲಿಲ್ಲ. ಸಣ್ಣ ತಂತಿಯೊಂದರ ಮೇಲೇ ಸರಳೆ ವರಸೆ ನುಡಿಸಿದೆ. ಗಿಟಾರಿನ ಹನ್ನೆರಡು ಮನೆಗಳೂ ನಮ್ಮ ಹನ್ನೆರಡು ಸ್ವರಸ್ಥಾನಗಳೂ ಹೊಂದಿಕೊಳ್ಳುತ್ತವೆ. ಬಿಡಿತಂತಿ ಷಡ್ಜವಾದರೆ ಒಂದನೇ ಮನೆ ಶುದ್ಧ ರಿಷಭ, ನಾಲ್ಕು ಅಂತರ ಗಾಂಧಾರ, ಐದು ಶುದ್ಧ ಮಧ್ಯಮ, ಏಳು ಪಂಚಮ, ಎಂಟು ಶುದ್ಧ ಧೈವತ, ಹನ್ನೊಂದು ಕಾಕಲಿ ನಿಷಾದ, ಹನ್ನೆರಡು ತಾರ ಷಡ್ಜ. ಪುರಂದರದಾಸರು ಮಕ್ಕಳಿಗೆಂದು ಆರಿಸಿದರೆನ್ನುವ ಮಾಯಾಮಾಳವಗೌಳ ಇಷ್ಟರಲ್ಲೇ ಬಂತು. ಎರಡು, ನಾಲ್ಕು, ಏಳು, ಒಂಬತ್ತು, ಹನ್ನೆರಡು ಮುಟ್ಟಿದರೆ ಮೋಹನ. ಆಗ ದಪ್ಪ ತಂತಿಯನ್ನು ಹೆಬ್ಬೆರಳಿಂದ ಮೀಟುತ್ತಿದ್ದರೆ ಕೆಳಗೆ ಷಡ್ಜ, ಸಣ್ಣ ತಂತಿಯ ಪಕ್ಕದ ತಂತಿಯನ್ನು ಬಿಡಿಯಾಗಿ ಮುಟ್ಟಿದರೆ ಪಂಚಮ. ಏಕತಾರಿಯೂ ತಂಬೂರಿಯೂ ಅದೇ ಮರದೊಳಗೆ ಸಿಕ್ಕಿದಂತಾಯಿತು. ಗಮಕ ಮಾತ್ರ ವೀಣೆಯಷ್ಟು ಸಲೀಸಲ್ಲ. ವೀಣೆಯ ಮೆಟ್ಟಿಲುಗಳು ಮೇಣದ ಮೇಲೆ ಎತ್ತರಕ್ಕೆ ಕೂತಿರುತ್ತವೆ, ತಂತಿ ಧಾರಾಳವಾಗಿ ಜಗ್ಗುತ್ತದೆ. ಗಿಟಾರಿನಲ್ಲಿ ಪಟ್ಟಿಯ ಮೇಲೇ ತಂತಿಯನ್ನು ಪಕ್ಕಕ್ಕೆ ತಳ್ಳಬೇಕು. ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವುದು ಸುಲಭ, ನಮ್ಮ ಪದಗಳಿಗೆ ಅದೇ ಬಹುಪಾಲು ಸಾಕು.

ಕಾರ್ಡ್‌ಗಳು ಆಮೇಲೆ ತಾವಾಗಿ ಅರ್ಥವಾದವು. ಷಡ್ಜ, ಅಂತರ ಗಾಂಧಾರ, ಪಂಚಮ ಮೂರನ್ನೂ ಒಟ್ಟಿಗೆ ಮೀಟಿದರೆ ಮೇಜರ್. ಗಾಂಧಾರವನ್ನು ಒಂದು ಮನೆ ಇಳಿಸಿ ಸಾಧಾರಣ ಮಾಡಿದರೆ ಮೈನರ್. ಒಂದೇ ಒಂದು ಮನೆ, ಮನೆಯೊಳಗಿನ ಬೆಳಕೇ ಬದಲಾಗುತ್ತದೆ.

ಗುರುವಿಲ್ಲದೆ ಇಷ್ಟು ದೂರ ಹೋಗಬಹುದೇ ಎಂದು ಅನುಮಾನಿಸುವವರಿಗೆ ಮೈಸೂರಿನಲ್ಲಿ ಬೆಳೆದ ಗಾಯಕ ರಘು ದೀಕ್ಷಿತ್ ಇದ್ದಾರೆ. ಭರತನಾಟ್ಯ ಕಲಿತವರು, ಮೈಕ್ರೋಬಯಾಲಜಿಯಲ್ಲಿ ಚಿನ್ನದ ಪದಕ ಪಡೆದವರು, ಗಿಟಾರನ್ನು ತಾವೇ ಕಲಿತುಕೊಂಡವರು. 2008ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಲ್ಲಿ ಶಿಶುನಾಳ ಶರೀಫರ ತತ್ತ್ವಪದ ಗಿಟಾರಿನ ಮೇಲೆ ಕೂತು ದೇಶ ದೇಶ ಸುತ್ತಿತು. ಶರೀಫರು ತೀರಿಕೊಂಡದ್ದು 1889ರಲ್ಲಿ. ಆ ಪದ ಅಷ್ಟು ಹಗುರವಾಗಿ ಹೊಸ ವಾದ್ಯವನ್ನು ಏರಿದ್ದು ನೋಡಿದರೆ, ನಮ್ಮ ಊರಿನ ಭಜನೆ ಪದಗಳೂ ಸೋಬಾನೆಗಳೂ ಅದಕ್ಕಾಗಿ ಕಾದಿವೆ ಎಂದೇ ನನಗನ್ನಿಸುತ್ತದೆ. ನಾನೀಗ ಸಂಜೆ ನುಡಿಸುವುದು ಅವನ್ನೇ. ಇಂಗ್ಲಿಷ್ ಹಾಡು ಕಲಿಯಬೇಡಿ ಎನ್ನುವುದಿಲ್ಲ, ಆದರೆ ಅಜ್ಜಿ ಹಾಡಿದ ಹಾಡನ್ನು ಹುಡುಕುವಾಗ ಬೆರಳಿಗೆ ದಾರಿ ಮೊದಲೇ ಗೊತ್ತಿರುತ್ತದೆ. ಅಡುಗೆಮನೆಯಿಂದ ಅವ್ವ ಒಂದು ಸಾಲು ಗುನುಗಿ ತಿದ್ದುತ್ತಾಳೆ.

ನಾಟಕದ ತಾಲೀಮು ನಡೆಯುವ ಊರುಗಳ ಹುಡುಗ ಹುಡುಗಿಯರಿಗೆ ನನ್ನದೊಂದು ಮಾತು. ಮನೆಯ ಗೋಡೆಗೆ ಗಿಟಾರ್ ನೇತುಹಾಕಿ ಧೂಳು ಹಿಡಿಸಬೇಡಿ. ಗುರು ಸಿಗಲಿಲ್ಲವೆಂದು ಕೊರಗಲೂ ಬೇಡಿ. ಅದನ್ನೆತ್ತಿಕೊಂಡು ಹಾರ್ಮೋನಿಯಂ ಮೇಷ್ಟ್ರ ಮನೆಗೆ ಹೋಗಿ, ಬಿಳಿ ಮೂರು ಹಿಡಿಯಲು ಕೇಳಿ. ಈ ಮೇಷ್ಟ್ರುಗಳಿಗೆ ವಯಸ್ಸಾಗುತ್ತಿದೆ, ಇವತ್ತೇ ಹೋಗಿ.