ಬಿಟ್ಟಿಯ ಹೆಸರಿನ ಯಂತ್ರ

ರೋಬೋಟ್ ಅನ್ನೋ ಮಾತು ಹುಟ್ಟಿದ್ದು ಪ್ರಯೋಗಶಾಲೆಯಲ್ಲಲ್ಲ, ನಾಟಕದಲ್ಲಿ. 1920ರಲ್ಲಿ ಝೆಕ್ ಲೇಖಕ ಕಾರೆಲ್ ಚಾಪೆಕ್ ಬರೆದ ನಾಟಕ ಅದು. ಆ ಭಾಷೆಯಲ್ಲಿ 'ರೋಬೋಟ' ಅಂದರೆ ಧಣಿಯ ಹೊಲದಲ್ಲಿ ಕೂಲಿಯಿಲ್ಲದೆ ಗೇಯೋದು. ನಮ್ಮ ಬಾಯಲ್ಲಿ ಹೇಳೋದಾದರೆ, ಬಿಟ್ಟಿ. ನಮ್ಮ ಹಿರೀಕರ ರಟ್ಟೆಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಆ ಹೆಸರಿನ ಯಂತ್ರ ಲಕ್ವ ಹೊಡೆದವರ ಕೈ ಹಿಡಿದು ನಡೆಸುತ್ತೆ. ಲಕ್ವ ಅಂದರೆ ದೇವರ ಮುನಿಸಲ್ಲ, ಗಾಳಿ ಸೋಂಕಲ್ಲ. ಮಿದುಳಿನ ರಕ್ತನಾಳ ಕಟ್ಟಿಕೊಂಡಿರುತ್ತೆ, ಇಲ್ಲವೇ ಒಡೆದಿರುತ್ತೆ. ಕೈಗೆ ಅಪ್ಪಣೆ ಕೊಡೋ ಜಾಗ ಸತ್ತು, ಉಳಿದ ಮಿದುಳು ಆ ಕೆಲಸವನ್ನ ಹೊಸದಾಗಿ ಕಲೀಬೇಕು. ಅದಕ್ಕೆ ಅದೇ ಕೈಯನ್ನ ಮತ್ತೆ ಮತ್ತೆ, ನೂರಾರು ಸಲ ಆಡಿಸಬೇಕು.

1990ರ ದಶಕದಲ್ಲಿ ಅಮೆರಿಕದ ಎಂಐಟಿಯವರು ಇಂಥ ಯಂತ್ರವನ್ನ ರೋಗಿಗಳ ಮೇಲೆ ಪರೀಕ್ಷಿಸಿದರು. ಹೆಸರು ಎಂಐಟಿ-ಮಾನಸ್. ಕೈಯನ್ನ ಅದರ ಹಿಡಿಗೆ ಕೂರಿಸ್ತಾರೆ, ಎದುರು ಪರದೆಯ ಮೇಲೊಂದು ಗುರಿ. ಕೈ ಅರ್ಧದಲ್ಲಿ ನಿಂತರೆ ಬೇಕಾದಷ್ಟೇ ಆಸರೆ ಕೊಟ್ಟು ಗುರಿ ಮುಟ್ಟಿಸುತ್ತೆ. ಅದಕ್ಕೆ ಬೇಸರ ಇಲ್ಲ, ಬೈಗುಳ ಇಲ್ಲ. ನಮ್ಮ ಮಗ್ಗುಲಲ್ಲೇ ವೆಲ್ಲೂರಿನ ಸಿಎಂಸಿ ಮತ್ತು ಮದ್ರಾಸ್ ಐಐಟಿಯವರು ಸೇರಿ 'ಪ್ಲೂಟೋ' ಅಂತ ಸಣ್ಣದೊಂದನ್ನ ಮಾಡಿದ್ದಾರೆ. ಮೋಟಾರು ಒಂದೇ. ಹಿಡಿ ಬದಲಿಸಿದರೆ ಮಣಿಕಟ್ಟಿಗೂ ಆಯ್ತು, ಬೆರಳಿಗೂ ಆಯ್ತು.

ನಮ್ಮ ದೊಡ್ಡವ್ವನ ಬಲಗೈ ತರೀಕೆರೆ ತೋಟಗಳ ಅಡಿಕೆ ಸುಲಿದಿತ್ತು, ಅಜ್ಜಂಪುರದ ಈರುಳ್ಳಿ ಕಿತ್ತಿತ್ತು, ಕಡೂರಿನ ತೆಂಗಿನಕಾಯಿ ಹೊತ್ತಿತ್ತು. ದಿನಕ್ಕೆ ಸಾವಿರಾರು ಸಲ ಆಡಿದ ಕೈ ಅದು. ಲಕ್ವ ಹೊಡೆದ ಮೇಲೆ ದೊಡ್ಡಾಸ್ಪತ್ರೆಯೊಂದರಲ್ಲಿ ಚೀಟಿ ಬರೆದುಕೊಟ್ಟರು. ಮನೆಯಲ್ಲಿ ಇಂಗ್ಲಿಷ್ ಓದೋನು ನಾನೊಬ್ಬನೆ. 'ವ್ಯಾಯಾಮ ಮಾಡಿಸಿ' ಅಂತ ಇತ್ತು. ಯಾರು ಮಾಡಿಸಬೇಕು, ಎಷ್ಟು ಸಲ, ಎಲ್ಲಿ, ಅದೇನೂ ಇರಲಿಲ್ಲ. ಸೊಸೆ ಕೂಲಿಗೆ ಹೋದರೇನೆ ಒಲೆ ಉರಿಯೋದು. ನಾನೇ ಹಲಗೆ ಮೇಲೆ ಟವೆಲು ಹಾಸಿ ಕೈ ಇಡಿಸಿ, ಮುಂದಕ್ಕೂ ಹಿಂದಕ್ಕೂ ತಳ್ಳಿಸುತ್ತಾ ಎಣಿಸ್ತಿದ್ದೆ. ನೂರಾದಾಗ ದೊಡ್ಡವ್ವ ಸೊಟ್ಟಬಾಯಲ್ಲೇ ಕೇಳಿದಳು, "ಇದುಕ್ಕೆ ಕೂಲಿ ಎಷ್ಟ್ ಕೊಡ್ತೀಯಪ್ಪ?"

ಯಂತ್ರ ಪವಾಡವೇನಲ್ಲ. ಬ್ರಿಟನ್ನಿನಲ್ಲಿ 770 ಜನರನ್ನಿಟ್ಟುಕೊಂಡು ಮಾಡಿದ ಪರೀಕ್ಷೆಯ ಫಲಿತಾಂಶ 2019ರಲ್ಲಿ ಬಂತು. ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ, ಹನ್ನೆರಡು ವಾರ ರೋಬೋಟ್ ಹಿಡಿದವರ ಕೈಗೆಲಸ 'ಎಂದಿನ ಆರೈಕೆ' ಪಡೆದವರಿಗಿಂತ ಮೇಲಾಗಲಿಲ್ಲ. ಇದನ್ನ ತೋರಿಸಿ 'ನೋಡಿ, ಬಡವರಿಗೆ ಯಂತ್ರ ಯಾಕೆ' ಅನ್ನೋರು ಇದ್ದಾರೆ. ಗೆಳೆಯರೆ, ಅಲ್ಲಿನ ಎಂದಿನ ಆರೈಕೆ ಅಂದರೆ ಸರ್ಕಾರದ ಖರ್ಚಲ್ಲಿ ಸಿಗೋ ತರಬೇತಾದ ಮನುಷ್ಯರ ಕೈ. ದೊಡ್ಡವ್ವನ ಎಂದಿನ ಆರೈಕೆ ಒಂದು ಚೀಟಿ.

ತಾಲ್ಲೂಕು ಆಸ್ಪತ್ರೆಗೆ ಕೈ ಆಡಿಸೋ ಮನುಷ್ಯರನ್ನ ಮೊದಲು ಕೇಳೋಣ, ಆಮೇಲೆ ಯಂತ್ರವನ್ನೂ ಕೇಳೋಣ. ರೋಗಿಯನ್ನ ವಾರಕ್ಕೆ ಮೂರು ಸಲ ಬಸ್ಸು ಹತ್ತಿಸಿ ಕರಕೊಂಡು ಹೋಗೋರ ಆ ದಿನದ ಕೂಲಿ ಯಾರು ಕಟ್ಟಿಕೊಡ್ತಾರೆ ಅನ್ನೋದನ್ನೂ ಅದೇ ಅರ್ಜಿಯಲ್ಲಿ ಬರೀಬೇಕು.