ಕೊಡಚಾದ್ರಿಯ ಏರಿನಲ್ಲಿ ಜೀಪಿನ ನಾಡಿ ಹಿಡಿಯುವವರು

ಕೊಲ್ಲೂರು ಮೂಕಾಂಬಿಕೆಯ ದರ್ಶನ ಮುಗಿಸಿ ಹೊರಬಂದವರ ಕಣ್ಣು ಒಮ್ಮೆಯಾದರೂ ಮೇಲಕ್ಕೆ ಹೋಗುತ್ತದೆ. ಮೋಡ ಸರಿದರೆ ಅಲ್ಲಿ ಕೊಡಚಾದ್ರಿ. ಕೊಲ್ಲೂರು ಉಡುಪಿ ಜಿಲ್ಲೆಯದಾದರೆ, ಸಮುದ್ರಮಟ್ಟದಿಂದ 1,343 ಮೀಟರ್ ಎತ್ತರದ ಈ ಬೆಟ್ಟ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದ್ದು. ಕಾಲಿನಲ್ಲಿ ಕಸುವಿದ್ದವರು ಕಾಡಿನ ನಡುವೆ ನಡೆದೇ ಹತ್ತುತ್ತಾರೆ. ಮಕ್ಕಳು, ಅಜ್ಜ, ಅಜ್ಜಿಯರನ್ನು ಕಟ್ಟಿಕೊಂಡು ಬಂದವರಿಗೆ ಜೀಪೇ ಗತಿ.

ಜೀಪು ನಾಗೋಡಿ ಘಾಟಿ ಏರಿ, ನಿಟ್ಟೂರಿನ ಕಡೆಯಿಂದ ಬೆಟ್ಟದ ದಾರಿ ಹಿಡಿಯುತ್ತದೆ. ಒಟ್ಟು ಸುಮಾರು 40 ಕಿ.ಮೀ. ಪಯಣ. ಡಾಂಬರು ಇರುವವರೆಗೆ ಎಲ್ಲರದೂ ಹರಟೆ. ಡಾಂಬರು ಮುಗಿದು ಕೆಮ್ಮಣ್ಣು, ಉರುಟು ಕಲ್ಲು, ಮಳೆನೀರು ಕೊರೆದ ಕೊರಕಲುಗಳ ಹಾದಿ ಶುರುವಾಯಿತೆಂದರೆ ಮಾತು ತಾನಾಗಿ ನಿಲ್ಲುತ್ತದೆ. ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಕಣಿವೆ. ಚಾಲಕ ಪುಟ್ಟ ಲಿವರ್ ಒಂದನ್ನು ಎಳೆದು ಮುಂದಿನ ಚಕ್ರಗಳಿಗೂ ಶಕ್ತಿ ಹಾಯಿಸುತ್ತಾನೆ. ಎಂಜಿನ್ನಿನ ದನಿ ಬದಲಾಗುತ್ತದೆ. ಹಿಂದೆ ಕುಳಿತವರಿಗೆ ಅದೆಲ್ಲ ಒಂದೇ ಗದ್ದಲ. ಚಾಲಕನಿಗೆ ಮಾತ್ರ ಅದರೊಳಗೆ ಹತ್ತಾರು ಬೇರೆ ಬೇರೆ ಸದ್ದುಗಳು ಕೇಳುತ್ತಿರುತ್ತವೆ.

ಕೇಳಲೇಬೇಕು. ಈ ಏರಿನಲ್ಲಿ ಗ್ಯಾರೇಜು ಇಲ್ಲ. ಹೊಸ ಸದ್ದೊಂದು ಎದ್ದರೆ ಅದನ್ನು ಲೆಕ್ಕಿಸದೆ ಮುಂದೆ ಹೋಗಬಹುದೇ, ಅಥವಾ ಆ ಕ್ಷಣವೇ ನಿಲ್ಲಿಸಬೇಕೇ ಎಂಬುದನ್ನು ಅಲ್ಲಿಯೇ ತೀರ್ಮಾನಿಸಬೇಕು. ಸುಮ್ಮನೆ ಹೆದರಿ ಹಿಂತಿರುಗಿದರೆ ಆ ದಿನದ ದುಡಿಮೆ ಹೋಯಿತು. ಹೆದರಬೇಕಾದಲ್ಲಿ ಹೆದರದಿದ್ದರೆ ಎಂಜಿನ್ ಹೋಗುತ್ತದೆ. ಕಡಿದಾದ ತಿರುವಿನಲ್ಲಿ ಎಂಜಿನ್ ಕೈಕೊಟ್ಟರೆ ಕುಳಿತವರ ಜೀವಕ್ಕೇ ಸಂಚಕಾರ.

ಮೂರು ಪ್ರಶ್ನೆಗಳು

ಕೆಮ್ಮು ಎಂದು ಹೋದ ರೋಗಿಯನ್ನು ಒಳ್ಳೆಯ ವೈದ್ಯರು ಮೊದಲು ಮಾತಾಡಿಸುತ್ತಾರೆ. ಕೆಮ್ಮು ಬರುವುದು ರಾತ್ರಿಯೋ ಬೆಳಿಗ್ಗೆಯೋ, ಮಲಗಿದಾಗಲೋ ನಡೆದಾಗಲೋ ಎಂದು ಕೇಳುತ್ತಾರೆ. ಅನುಭವಸ್ಥ ಮೆಕ್ಯಾನಿಕ್ಕನೂ ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳುತ್ತಾನೆ. ಸದ್ದು ಯಾವಾಗ ಬರುತ್ತದೆ? ಯಾವುದರ ಜೊತೆ ತಾಳ ಹಾಕುತ್ತದೆ? ಎಲ್ಲಿಂದ ಬರುತ್ತದೆ?

ಮೊದಲ ಪರೀಕ್ಷೆ ಸುಲಭದ್ದು. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್‌ಗೆ ತಂದು ಆಕ್ಸಿಲರೇಟರ್ ಮೆಲ್ಲಗೆ ಒತ್ತಬೇಕು. ಸದ್ದೂ ಜೊತೆಗೇ ಏರಿದರೆ ಮೂಲ ಎಂಜಿನ್ನಿನ ಕಡೆ ಇದೆ. ಗಾಡಿ ನಿಂತೊಡನೆ ಸದ್ದು ಮಾಯವಾದರೆ ಚಕ್ರ, ಆಕ್ಸಲ್, ಪ್ರೊಪೆಲ್ಲರ್ ಶಾಫ್ಟ್ ಕಡೆ ನೋಡಬೇಕು. ನಿಂತ ಗಾಡಿಯಲ್ಲಿ ಗುರುಗುಟ್ಟುವ ಸದ್ದು ಕ್ಲಚ್ ತುಳಿದಾಗ ನಿಂತರೆ ಗೇರ್ ಬಾಕ್ಸಿನ ಬೇರಿಂಗ್ ಮೇಲೆ ಅನುಮಾನ. ತುಳಿದಾಗಲೇ ಶುರುವಾದರೆ ಕ್ಲಚ್ಚಿನದೇ ಬೇರಿಂಗ್ ಸವೆದಿರಬೇಕು. ಒಂದು ನಟ್ಟನ್ನೂ ಬಿಚ್ಚದೆ ಅರ್ಧ ರೋಗ ಪತ್ತೆಯಾಯಿತು.

ಇನ್ನು ತಾಳ. ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಕ್ರ್ಯಾಂಕ್ ಶಾಫ್ಟ್ ಎರಡು ಸುತ್ತು ತಿರುಗುವಷ್ಟರಲ್ಲಿ ಒಂದೊಂದು ಕವಾಟವೂ ಒಮ್ಮೆ ಮಾತ್ರ ತೆರೆಯುತ್ತದೆ. ನಿಮಿಷಕ್ಕೆ 800 ಸುತ್ತು ತಿರುಗುವ ಎಂಜಿನ್ನಿನಲ್ಲಿ ಸಡಿಲಗೊಂಡ ಒಂದು ಟ್ಯಾಪೆಟ್ 400 ಸಲ ಟಿಕ್ ಟಿಕ್ ಎನ್ನುತ್ತದೆ. ಎಂಜಿನ್ನಿನ ಮೇಲ್ಭಾಗದಿಂದ ಬರುವ ಈ ಹಗುರ ಸದ್ದು ಹೊಲಿಗೆ ಯಂತ್ರದ ಸದ್ದಿನಂತೆ ಇರುತ್ತದೆ. ಬೆಟ್ಟ ಇಳಿದ ಮೇಲೆ ಸರಿಪಡಿಸಿದರೂ ನಡೆದೀತು. ಆದರೆ ಕೆಳಭಾಗದಿಂದ, ಕ್ರ್ಯಾಂಕಿನ ಸುತ್ತಿಗೆ ಸರಿಯಾಗಿ, ಸುತ್ತಿಗೆಯಲ್ಲಿ ಬಡಿದಂತೆ ಧಡ್ ಧಡ್ ಎಂದು ಕೇಳಿ, ಏರಿನಲ್ಲಿ ಭಾರ ಬಿದ್ದಷ್ಟೂ ಹೆಚ್ಚಾದರೆ, ಅದು ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದ ಸೂಚನೆ. ಜೊತೆಗೆ ಆಯಿಲ್ ದೀಪವೂ ಹೊತ್ತಿಕೊಂಡರೆ ಕೇಳುವುದೇ ಬೇಡ, ಕೂಡಲೇ ಎಂಜಿನ್ ಆರಿಸಬೇಕು. ಇನ್ನೊಂದು ತಿರುವು ದಾಟಿಬಿಡೋಣ ಎಂದರೆ ರಾಡು ಮುರಿದು ಎಂಜಿನ್ನಿನ ಹೊಟ್ಟೆಯನ್ನೇ ಸೀಳಿಕೊಂಡು ಹೊರಬರಬಹುದು.

ಆರೋಗ್ಯದ ಸದ್ದು

ಡೀಸೆಲ್ ಎಂಜಿನ್ನಿಗೆ ಹುಟ್ಟಿನಿಂದಲೇ ಬಂದ ಬಡಿತವೊಂದಿದೆ. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರಲಿಲ್ಲ. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ಕಾಯುತ್ತದೆ. ಆ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಚಳಿಯ ಮುಂಜಾವಿನಲ್ಲಿ ಇಂಧನ ಹೊತ್ತಿಕೊಳ್ಳುವುದು ಕೊಂಚ ತಡ. ಅಷ್ಟರಲ್ಲಿ ಸೇರಿದ ಇಂಧನವೆಲ್ಲ ಒಮ್ಮೆಲೇ ಉರಿದು ಕಟಕಟ ಸದ್ದು ಜೋರಾಗುತ್ತದೆ. ಎಂಜಿನ್ ಬಿಸಿಯಾದಂತೆ ಅದು ಮೆತ್ತಗಾಗುತ್ತದೆ. ಇದು ರೋಗವಲ್ಲ.

ತೇವ ಹಿಡಿದ ಫ್ಯಾನ್ ಬೆಲ್ಟ್ ಬೆಳಿಗ್ಗೆ ಕೀಚ್ ಎಂದು ಕಿರುಚಿ ತುಸು ಹೊತ್ತಿನಲ್ಲಿ ಸುಮ್ಮನಾಗುವುದುಂಟು. ಕಡಿಮೆ ವೇಗದ ಗೇರಿನಲ್ಲಿ ಏರು ಹತ್ತುವಾಗಿನ ಗೊಂಯ್ ಎಂಬ ನಾದವೂ ಜೀಪಿಗೆ ಸಹಜವೇ. ಒಂದು ತಗಡು ನಿರ್ದಿಷ್ಟ ವೇಗದಲ್ಲಿ ಮಾತ್ರ ಗಡಗಡ ಎಂದರೆ ಅದು ವಿದ್ಯಾರ್ಥಿಗಳು ಭೌತವಿಜ್ಞಾನದಲ್ಲಿ ಓದುವ ಅನುನಾದ: ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಜೀಕು ದೊಡ್ಡದಾಗುವ ಹಾಗೆ. ಬ್ರೇಕ್ ಡಿಸ್ಕಿನ ಹಿಂದಿನ ತಗಡಿಗೆ ಸಿಕ್ಕಿಕೊಂಡ ಪುಟ್ಟ ಹರಳುಕಲ್ಲು ಜೀವ ಹೋಗುವಂತೆ ಕೆರೆದು ಸದ್ದು ಮಾಡಿದರೂ ಎಂಜಿನ್ನಿಗೆ ಅದರ ಗೊಡವೆಯೇ ಇಲ್ಲ.

ಹೀಗಾಗಿ ಕೇಡಿನ ಸದ್ದನ್ನು ಗುರುತಿಸಲು ಮೊದಲು ಆರೋಗ್ಯದ ಸದ್ದು ಗೊತ್ತಿರಬೇಕು. ದಿನವೂ ಅದೇ ಗಾಡಿಯನ್ನು ಅದೇ ದಾರಿಯಲ್ಲಿ ಓಡಿಸುವ ಚಾಲಕನಿಗೆ ಇದು ಮನೆಮಂದಿಯ ದನಿಯಷ್ಟೇ ಪರಿಚಿತ. ತಾಯಿ ಮಗುವಿನ ಅಳುವಿನಲ್ಲೇ ಹಸಿವು ಯಾವುದು, ನೋವು ಯಾವುದು ಎಂದು ತಿಳಿಯುವುದಿಲ್ಲವೇ!

ಸ್ಕ್ರೂ ಡ್ರೈವರೇ ಸ್ಟೆತೊಸ್ಕೋಪ್

ಸದ್ದು ಎಲ್ಲಿಂದ ಎಂಬ ಮೂರನೆಯ ಪ್ರಶ್ನೆಗೆ ಮೆಕ್ಯಾನಿಕ್ಕರ ಬಳಿ ಹಳೆಯ ಉಪಾಯವಿದೆ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಬುಡಕ್ಕೆ ಒತ್ತಿ ಕೇಳುತ್ತಾರೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಶಬ್ದ, ಉಕ್ಕಿನಲ್ಲಿ ಸುಮಾರು 5,000 ಮೀಟರ್ ಸಾಗುತ್ತದೆ. ವೇಗಕ್ಕಿಂತ ಮುಖ್ಯವಾದದ್ದು ಬೇರೆ: ಸುತ್ತಲಿನ ಗದ್ದಲ ಹಿಂದೆ ಸರಿದು, ತುದಿ ಮುಟ್ಟಿದ ಜಾಗದ ಸದ್ದು ಮಾತ್ರ ನೇರವಾಗಿ ಕಿವಿಗೆ ಬರುತ್ತದೆ. ತುದಿಯನ್ನು ಅಲ್ಲಿಂದಿಲ್ಲಿಗೆ ಸರಿಸುತ್ತ ಹೋದರೆ ಸದ್ದು ಹೆಚ್ಚಾದಲ್ಲಿ ಕಳ್ಳ ಸಿಕ್ಕಿಬಿದ್ದ. ಪ್ಯಾರಿಸ್ಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದಾಗ ಹುಟ್ಟಿದ ಸ್ಟೆತೊಸ್ಕೋಪಿನ ಹಿಂದೆಯೂ ಇಂಥದೇ ಯುಕ್ತಿ. ಆದರೆ ಓಡುವ ಎಂಜಿನ್ನಿನ ಫ್ಯಾನು, ಬೆಲ್ಟುಗಳ ಹತ್ತಿರ ಮಕ್ಕಳು ಇದನ್ನು ಮಾಡಿ ನೋಡುವುದು ಸಲ್ಲ. ತಿಳಿದವರು ಮಾಡುವಾಗ ದೂರ ನಿಂತು ನೋಡಿದರೆ ಸಾಕು.

ಇಂದಿನ ಗಾಡಿಗಳಲ್ಲಿ ಕಂಪ್ಯೂಟರ್ ಇದೆ. ಸ್ಕ್ಯಾನರ್ ಜೋಡಿಸಿದರೆ ದೋಷದ ಸಂಕೇತ ಪರದೆಯ ಮೇಲೆ ಮೂಡುತ್ತದೆ. ಅದು ದೊಡ್ಡ ಅನುಕೂಲವೇ. ಆದರೆ ಸೆನ್ಸರ್ ಇಲ್ಲದ ಕಡೆಯ ಸುದ್ದಿ ಸ್ಕ್ಯಾನರಿಗೆ ಗೊತ್ತಾಗದು. ಸಡಿಲಾದ ಬೋಲ್ಟು, ಸವೆದ ಶಾಫ್ಟಿನ ಕ್ರಾಸ್ ಇವನ್ನು ಹಿಡಿಯಲು ಇಂದಿಗೂ ಕಿವಿಯೇ ಬೇಕು. ಐ.ಟಿ.ಐ., ಡಿಪ್ಲೊಮಾ ಓದುವ ಮಕ್ಕಳು ಪಾಠದ ಜೊತೆಗೆ ಈ ಕಿವಿಯನ್ನೂ ಪಳಗಿಸಿಕೊಂಡರೆ ಅವರ ಕೈಗೆ ಕೆಲಸ ಹೆಚ್ಚು ಒಲಿಯುತ್ತದೆ.

ಜೀಪು ನಿಲ್ಲುವುದು ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ. ಗುಡಿಯ ಬಳಿಯ ಎತ್ತರದ ಕಬ್ಬಿಣದ ಕಂಬವನ್ನು ನೋಡಿಕೊಂಡು, ಶಂಕರಾಚಾರ್ಯರ ಹೆಸರಿನ ಸರ್ವಜ್ಞ ಪೀಠಕ್ಕೆ ಕಾಲ್ನಡಿಗೆಯಲ್ಲಿ ಹೋಗಬೇಕು. ಆಕಾಶ ತಿಳಿಯಾಗಿದ್ದರೆ ಮೇಲಿನಿಂದ ಅರಬ್ಬೀ ಸಮುದ್ರ ಕಾಣುತ್ತದೆ. ಆರಿಸಿದ ಜೀಪಿನಿಂದ ಟಿಣ್ ಟಿಣ್ ಸದ್ದು ಬಂದರೆ ಗಾಬರಿ ಬೇಡ. ಕಾದ ಸೈಲೆನ್ಸರ್ ತಣಿದು ಕುಗ್ಗುತ್ತಿದೆ, ಅಷ್ಟೆ. ಇಳಿಯುವಾಗ ಚಾಲಕ ಕೆಳಗಿನ ಗೇರಿನಲ್ಲಿ ಎಂಜಿನ್ನಿನ ಹಿಡಿತದಿಂದಲೇ ಗಾಡಿಯನ್ನು ತಡೆಯುತ್ತಾನೆ. ಆಗ ಏಳುವ ಮೊರೆತವೂ ಕ್ಷೇಮದ ಸದ್ದೇ.

ಹೋಗಲು ಅಕ್ಟೋಬರಿನಿಂದ ಫೆಬ್ರುವರಿವರೆಗಿನ ದಿನಗಳು ಒಳ್ಳೆಯವು. ಮಳೆಗಾಲದಲ್ಲಿ ಕೆಸರು ಮತ್ತು ಇಂಬಳದ ಕಾಟ. ದಾರಿ ತೆರೆದಿದೆಯೇ ಎಂದು ವಿಚಾರಿಸಿಯೇ ಹೊರಡಬೇಕು. ಜೀಪಿನಲ್ಲಿ ಕ್ಯಾಸೆಟ್ಟಿನ ಕಾಲ ಹೋಗಿ ಮೊಬೈಲಿನ ಹಾಡು ಬಂದಿದೆ. ಏರು ಶುರುವಾದ ಮೇಲೆ ಅದನ್ನು ಆರಿಸಿಬಿಡುವುದು ಲೇಸು. ನಡುದಾರಿಯಲ್ಲಿ ಚಾಲಕ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿ ಕಿವಿಗೊಟ್ಟು ನಿಂತರೆ, ಸೂರ್ಯಾಸ್ತ ತಪ್ಪೀತೆಂದು ಅವಸರಪಡಿಸಬೇಡಿ.